ಪಕ್ಕದ ಮನೆಯವರು ಏನು ಮಾಡುತ್ತಿದ್ದರು?

ಶಿವಮೊಗ್ಗೆಯಿಂದ ವಾಚಕಿಯೊಬ್ಬರು ಬರೆದಿರುವ ಕಾಗದವೇ ಈ ವಾರದ ಬರವಣಿಗೆಗೆ ಕಾರಣ. ಅವರ ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಹಿಟ್ಲರನು ಅರವತ್ತು ಲಕ್ಷ ಯಹೂದ್ಯರನ್ನು ಕೊಲ್ಲಿಸಿದನೆಂದು ಅವಳ ಚರಿತ್ರೆಯ ಪುಸ್ತಕದಲ್ಲಿ ಒಂದು ವಾಕ್ಯವಿದೆಯಂತೆ. ಎರಡನೆಯ ಮಹಾಯುದ್ಧಕ್ಕೆ ವರ್ಸೇಲ್ಸ್ ಒಪ್ಪಂದವೇ ಕಾರಣವೆಂದು ಇನ್ನೊಂದು ಪುಟದಲ್ಲಿ ಮತ್ತೊಂದು ವಾಕ್ಯವಿದೆಯಂತೆ. ಹುಡುಗಿ ಪುಸ್ತಕವನ್ನು ಮಡಿಸಿಟ್ಟು ತಾಯಿಯನ್ನು ಕೇಳಿದಳು: "ಒಬ್ಬನೇ ಮನುಷ್ಯ ಅಷ್ಟು ಜನರನ್ನು ಕೊಲ್ಲಿಸುವುದು ಹೇಗಮ್ಮ? ಅವರ ಪಕ್ಕದ ಮನೆಯವರು ಏನು ಮಾಡುತ್ತಿದ್ದರು?" ತಾಯಿಗೆ ಉತ್ತರ ತೋಚಲಿಲ್ಲ. ನಮಗೆ ಬರೆದರು.

ಮಗುವಿನ ಪ್ರಶ್ನೆ ಪುಸ್ತಕದ ಎರಡು ವಾಕ್ಯಗಳಿಗಿಂತಲೂ ದೊಡ್ಡದು. ಪುಸ್ತಕ ಬರೆದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ನೂರು ವರ್ಷದ ಚರಿತ್ರೆಯನ್ನು ಇನ್ನೂರು ಪುಟದಲ್ಲಿ ಹಿಡಿಸಬೇಕಾದವರಿಗೆ ಅವರದೇ ಆದ ಕಷ್ಟಗಳುಂಟು. ಆದರೆ ಆ ಎರಡು ವಾಕ್ಯಗಳನ್ನು ಬೇರೆ ಬೇರೆ ಪುಟಗಳಲ್ಲಿ ಓದಿದವರಿಗೆ ಯಹೂದ್ಯರ ಕಥೆ ಒಂದು, ಯುದ್ಧದ ಕಥೆ ಇನ್ನೊಂದು ಎಂಬ ಭ್ರಮೆ ಹುಟ್ಟುವುದು ಸಹಜ. ಅವೆರಡೂ ಒಂದೇ ನೂಲಿನಿಂದ ನೇಯ್ದ ಬಟ್ಟೆ.

ಮೊದಲು ಈ ಯಹೂದ್ಯರು ಯಾರು ಎಂಬುದನ್ನು ನೋಡೋಣ. ೧೯೩೩ರಲ್ಲಿ ಜರ್ಮನಿಯ ಜನಸಂಖ್ಯೆ ಆರೂವರೆ ಕೋಟಿ. ಅದರಲ್ಲಿ ಯಹೂದ್ಯರು ಸುಮಾರು ಐದು ಲಕ್ಷ. ಎಂದರೆ ನೂರಕ್ಕೆ ಒಬ್ಬರೂ ಇಲ್ಲ. ಶತಮಾನಗಳಿಂದ ಅಲ್ಲಿಯೇ ಬಾಳಿದವರು. ಮನೆಯಲ್ಲಿ ಆಡುವ ಮಾತು ಜರ್ಮನ್, ಮಕ್ಕಳ ಶಾಲೆ ಜರ್ಮನ್, ಹಾಡು ಜರ್ಮನ್. ಮೊದಲನೆಯ ಮಹಾಯುದ್ಧದಲ್ಲಿ ಅವರ ಪೈಕಿ ಸುಮಾರು ಒಂದು ಲಕ್ಷ ಮಂದಿ ಜರ್ಮನಿಯ ಸಮವಸ್ತ್ರ ತೊಟ್ಟರು, ಹನ್ನೆರಡು ಸಾವಿರ ಮಂದಿ ರಣರಂಗದಲ್ಲಿ ಮಡಿದರು. ಆದರೂ ಅವರು ಯುದ್ಧಕ್ಕೆ ಹೆದರಿ ಅಡಗಿಕೊಳ್ಳುತ್ತಾರೆಂಬ ಗಾಳಿಮಾತು ಎದ್ದಿತು. ೧೯೧೬ರಲ್ಲಿ ಸೈನ್ಯದ ಅಧಿಕಾರಿಗಳು, ಎಷ್ಟು ಯಹೂದ್ಯರು ಮುಂಚೂಣಿಯಲ್ಲಿದ್ದಾರೆ ಎಂದು ತಲೆಯೆಣಿಕೆ ಮಾಡಿಸಿದರು. ಎಣಿಕೆ ಮುಗಿಯಿತು; ಫಲಿತಾಂಶವನ್ನು ಮಾತ್ರ ಯುದ್ಧ ಮುಗಿಯುವವರೆಗೂ ಪ್ರಕಟಿಸಲಿಲ್ಲ. ಗಾಳಿಮಾತು ಹಾಗೆಯೇ ಉಳಿಯಿತು. ಸುಳ್ಳನ್ನು ಹೇಳುವುದಕ್ಕಿಂತಲೂ ಸತ್ಯವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಕೆಲವೊಮ್ಮೆ ಹೆಚ್ಚು ಫಲಕಾರಿ.

೧೯೧೮ರ ಶರತ್ಕಾಲದಲ್ಲಿ ಯುದ್ಧ ಕೈಮೀರಿತೆಂದು ಸೇನಾಪತಿಗಳಾದ ಲೂಡೆನ್‌ಡಾರ್ಫ್ ಮತ್ತು ಹಿಂಡೆನ್‌ಬರ್ಗ್ ಅವರೇ ಸರಕಾರಕ್ಕೆ ತಿಳಿಸಿ ಕದನವಿರಾಮವನ್ನು ಕೇಳಬೇಕೆಂದು ಒತ್ತಾಯಿಸಿದರು. ಸೋಲಿಗೆ ಸಹಿ ಹಾಕುವ ಕೆಲಸ ಮಾತ್ರ ಪಾಪ, ಹೊಸದಾಗಿ ಬಂದ ಪ್ರಜಾಸರಕಾರದ ಪಾಲಿಗೆ ಬಂದಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ಸೇನಾಪತಿಗಳು, ಸೈನ್ಯ ಸೋಲಲಿಲ್ಲ, ಮನೆಯೊಳಗಿನವರು ಬೆನ್ನಿಗೆ ಇರಿದರು ಎನ್ನತೊಡಗಿದರು. ಆ ಮನೆಯೊಳಗಿನವರು ಯಾರು? ಸಮತಾವಾದಿಗಳು ಎಂದರು ಕೆಲವರು. ಯಹೂದ್ಯರು ಎಂದರು ಬಹಳ ಮಂದಿ. ಮೊದಲನೆಯ ಯುದ್ಧದಲ್ಲಿ ಜರ್ಮನಿಯ ಕಾರ್ಖಾನೆಗಳಿಗೆ ಕಚ್ಚಾಸಾಮಗ್ರಿಯನ್ನು ಹೊಂದಿಸಿಕೊಟ್ಟ ಹಿರಿಯ ವಾಲ್ಟರ್ ರಾಥೆನಾವ್. ಆತನು ವಿದೇಶಾಂಗ ಮಂತ್ರಿಯಾಗಿದ್ದಾಗ, ೧೯೨೨ರ ಜೂನ್‌ನಲ್ಲಿ, ಹಾಡುಹಗಲಿನಲ್ಲಿ ಗುಂಡಿಟ್ಟು ಕೊಂದರು. ಆತನು ಯಹೂದಿ.

ವರ್ಸೇಲ್ಸ್ ಒಪ್ಪಂದ ಕಠಿನವಾಗಿದ್ದುದು ನಿಜ. ೧೯೨೧ರಲ್ಲಿ ಜರ್ಮನಿಯ ಮೇಲೆ ಹೊರಿಸಿದ ಯುದ್ಧಪರಿಹಾರ ೧೩,೨೦೦ ಕೋಟಿ ಚಿನ್ನದ ಮಾರ್ಕುಗಳು. ೧೯೨೩ರ ನವೆಂಬರಿನಲ್ಲಿ ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿ ಮಾರ್ಕುಗಳಿಗೂ ಹೆಚ್ಚು ತೆರಬೇಕಾಯಿತು. ಜೀವಮಾನವೆಲ್ಲ ಕೂಡಿಟ್ಟ ಹಣದಿಂದ ಒಂದು ರೊಟ್ಟಿ ಕೊಳ್ಳಲಾಗದ ಮುದುಕಿಯರ ಗೋಳು ನಮ್ಮ ಮಧ್ಯಮವರ್ಗದ ವಾಚಕರಿಗೆ ಸುಲಭವಾಗಿ ಅರ್ಥವಾದೀತು. ಆದರೆ ಇದನ್ನೇ ಹಿಟ್ಲರನ ಹುಟ್ಟಿಗೆ ಪೂರ್ಣ ಕಾರಣವೆನ್ನುವವರು ಒಂದು ಅಂಕಿಯನ್ನು ಮರೆಯುತ್ತಾರೆ. ನಾಣ್ಯ ಮಣ್ಣಾಗಿ ಐದು ವರ್ಷ ಕಳೆದ ಮೇಲೆ, ೧೯೨೮ರ ಚುನಾವಣೆಯಲ್ಲಿ, ನಾತ್ಸಿ ಪಕ್ಷಕ್ಕೆ ಬಂದ ಮತ ನೂರಕ್ಕೆ ಮೂರೂ ಇಲ್ಲ. ಒಪ್ಪಂದ ಆಗಲೂ ಇತ್ತು. ಹಿಟ್ಲರನ ಭಾಷಣಗಳೂ ಇದ್ದುವು. ಕೇಳುವ ಕಿವಿಗಳು ಇರಲಿಲ್ಲ. ೧೯೨೯ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು, ಜರ್ಮನಿಗೆ ಕೊಟ್ಟ ಸಾಲಗಳು ಹಿಂದಕ್ಕೆ ಹೋಗಿ, ೧೯೩೨ರ ಆರಂಭದಲ್ಲಿ ಅರವತ್ತು ಲಕ್ಷ ಜನ ಕೆಲಸವಿಲ್ಲದೆ ಬೀದಿಯಲ್ಲಿ ನಿಂತರು. ಆ ವರ್ಷ ಜುಲೈನಲ್ಲಿ ನಾತ್ಸಿಗಳ ಮತ ನೂರಕ್ಕೆ ಮೂವತ್ತೇಳಕ್ಕೆ ಏರಿತು.

ಅದೂ ಬಹುಮತವಲ್ಲ. ನವೆಂಬರಿನ ಚುನಾವಣೆಯಲ್ಲಿ ಮೂವತ್ತಮೂರಕ್ಕೆ ಇಳಿಯಿತು ಕೂಡ. ಹಾಗಾದರೆ ಹಿಟ್ಲರನು ಗದ್ದುಗೆ ಏರಿದ್ದು ಹೇಗೆ? ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್‌ರ ಸುತ್ತ ಇದ್ದ ಕೆಲವು ಪ್ರತಿಷ್ಠಿತರು, ಈತನನ್ನು ಮುಂದೆ ಕೂರಿಸಿ ಹಿಂದಿನಿಂದ ಲಗಾಮು ಹಿಡಿಯಬಹುದು ಎಂದು ಲೆಕ್ಕ ಹಾಕಿದರು. ೧೯೩೩ರ ಜನವರಿ ೩೦ರಂದು ಆತನನ್ನು ಪ್ರಧಾನಿಯಾಗಿ ನೇಮಿಸಿದರು. ಒಂದು ತಿಂಗಳಲ್ಲಿ ಪಾರ್ಲಿಮೆಂಟಿನ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಮರುದಿನವೇ ಪ್ರಜೆಗಳ ಹಕ್ಕುಗಳೆಲ್ಲ ಅಮಾನತ್ತಾದುವು. ಮಾರ್ಚ್ ೨೩ರಂದು, ಪಾರ್ಲಿಮೆಂಟಿನ ಹಂಗಿಲ್ಲದೆ ಕಾಯಿದೆ ಮಾಡುವ ಅಧಿಕಾರವನ್ನು ಪಾರ್ಲಿಮೆಂಟೇ ಹಿಟ್ಲರನಿಗೆ ಧಾರೆಯೆರೆಯಿತು. ಪರವಾಗಿ ೪೪೪ ಮತ, ವಿರೋಧ ೯೪. ವಿರೋಧಿಸಿದವರೆಲ್ಲ ಒಂದೇ ಪಕ್ಷದವರು, ಸೋಷಿಯಲ್ ಡೆಮೊಕ್ರಾಟರು. ಕಮ್ಯೂನಿಸ್ಟ್ ಸದಸ್ಯರಿಗೆ ಸಭೆಗೆ ಬರಲೇ ಬಿಡಲಿಲ್ಲ.

ಇನ್ನು ಮುಂದಿನದು ಕೋವಿಯಿಂದ ಆರಂಭವಾಯಿತೆಂದು ನಾವು ಊಹಿಸುತ್ತೇವೆ. ಇಲ್ಲ, ಅದು ಕಚೇರಿಯ ಕಾಗದದಿಂದ ಆರಂಭವಾಯಿತು. ೧೯೩೩ರ ಏಪ್ರಿಲ್ ೭ರಂದು ಒಂದು ಕಾಯಿದೆ ಹೊರಟಿತು. ಅದರ ಹೆಸರನ್ನು ಕೇಳಿ: ವೃತ್ತಿನಿಷ್ಠ ಸರಕಾರಿ ನೌಕರವರ್ಗದ ಪುನರುದ್ಧಾರದ ಕಾಯಿದೆ! ಇಷ್ಟು ಸಭ್ಯವಾದ ಹೆಸರನ್ನು ಯಾರು ತಾನೆ ಆಕ್ಷೇಪಿಸಿಯಾರು? ಅರ್ಥವಿಷ್ಟೆ: ಆರ್ಯರಲ್ಲದವರು ಸರಕಾರಿ ಕೆಲಸದಲ್ಲಿರಕೂಡದು. ಅಜ್ಜ ಅಜ್ಜಿಯರು ನಾಲ್ವರಲ್ಲಿ ಒಬ್ಬರು ಯಹೂದ್ಯರಾಗಿದ್ದರೂ ಸಾಕು, ಮನುಷ್ಯನು ಆರ್ಯನಲ್ಲ. ನ್ಯಾಯಾಧೀಶ, ಉಪಾಧ್ಯಾಯ, ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ, ಸರಕಾರಿ ಇಂಜಿನಿಯರು, ಎಲ್ಲರೂ ಅಜ್ಜಿಯ ಜನನಪತ್ರಕ್ಕಾಗಿ ಹಳೆಯ ಟ್ರಂಕುಗಳನ್ನು ಹುಡುಕಬೇಕಾಯಿತು. ಹಿಂಡೆನ್‌ಬರ್ಗ್‌ರು ಒತ್ತಾಯಿಸಿದುದರಿಂದ ಮುಂಚೂಣಿಯಲ್ಲಿ ಹೋರಾಡಿದ್ದವರಿಗೆ ಕೆಲಕಾಲ ವಿನಾಯಿತಿ ಸಿಕ್ಕಿತು.

ಈ ಕಾಯಿದೆ ಬೆಂಗಳೂರಿನ ಮಲ್ಲೇಶ್ವರದ ಮಗ್ಗುಲಿಗೂ ಬಂದ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಗಾಟಿಂಗೆನ್ ಎಂಬ ಸಣ್ಣ ಊರಿನ ವಿಶ್ವವಿದ್ಯಾನಿಲಯ ಆಗ ಜಗತ್ತಿನ ಗಣಿತಕ್ಕೂ ಭೌತಶಾಸ್ತ್ರಕ್ಕೂ ಕಾಶಿಯಂತಿತ್ತು. ಅಲ್ಲಿ ಪ್ರಾಧ್ಯಾಪಕರಾಗಿದ್ದವರು ಮ್ಯಾಕ್ಸ್ ಬಾರ್ನ್. ಪರಮಾಣುವಿನ ಹೊಸ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಹುಟ್ಟಿನಿಂದ ಯಹೂದ್ಯರಾದರೂ ಎಷ್ಟೋ ವರ್ಷಗಳ ಹಿಂದೆಯೇ ಕ್ರೈಸ್ತದೀಕ್ಷೆ ಪಡೆದಿದ್ದವರು. ೧೯೩೩ರ ಏಪ್ರಿಲ್ ತಿಂಗಳಲ್ಲಿ ಒಂದು ದಿನ ಪತ್ರಿಕೆಯಲ್ಲಿ ತಮ್ಮ ಹೆಸರನ್ನು ಕಂಡರು: ಕೆಲಸದಿಂದ ದೂರವಿಡಲಾದವರ ಪಟ್ಟಿ. ಅವರ ನೆರೆಯ ವಿಭಾಗದ ಜೇಮ್ಸ್ ಫ್ರಾಂಕ್‌ರು ಯುದ್ಧದಲ್ಲಿ ಹೋರಾಡಿ ಪದಕ ಪಡೆದವರು, ನೊಬೆಲ್ ಬಹುಮಾನಿತರು. ಅವರಿಗೆ ವಿನಾಯಿತಿ ಇತ್ತು. ಅವರು ಆ ವಿನಾಯಿತಿಯನ್ನು ಒಲ್ಲೆನೆಂದು ತಾವಾಗಿಯೇ ರಾಜೀನಾಮೆ ಕೊಟ್ಟರು. ಅದಕ್ಕೆ ಅವರ ಸಹೋದ್ಯೋಗಿಗಳು ಏನು ಮಾಡಿದರು? ಗಾಟಿಂಗೆನ್ನಿನ ನಲವತ್ತೆರಡು ಅಧ್ಯಾಪಕರು ಸಹಿ ಮಾಡಿ ಹೇಳಿಕೆ ಕೊಟ್ಟರು — ಫ್ರಾಂಕ್‌ರ ರಾಜೀನಾಮೆ ವಿಧ್ವಂಸಕ ಕೃತ್ಯಕ್ಕೆ ಸಮಾನವೆಂದು! ಶಿವಮೊಗ್ಗೆಯ ಹುಡುಗಿಯ ಪ್ರಶ್ನೆಗೆ ಇದು ಮೊದಲ ಉತ್ತರ. ಪಕ್ಕದ ಕೋಣೆಯವರು ಸಹಿ ಹಾಕುತ್ತಿದ್ದರು. ಖಾಲಿಯಾದ ಕುರ್ಚಿಗಳಿಗೆ ಬಡ್ತಿಗಾಗಿ ಕಾದಿದ್ದವರೂ ಇದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಾರ್ನ್‌ರು ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್ಜಿನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದರು. ಆಗ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ — ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ — ಇದರ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹಿಟ್ಲರನು ಹೊರಗೆಸೆದ ವಿದ್ವಾಂಸರು ಭಾರತಕ್ಕೆ ದೊರೆತ ಭಾಗ್ಯವೆಂದು ಕಂಡವರು ಅವರು. ಅವರ ಕರೆಯ ಮೇಲೆ ಬಾರ್ನ್ ದಂಪತಿಗಳು ೧೯೩೫ರ ಕೊನೆಯ ಭಾಗದಲ್ಲಿ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಇದ್ದರು. ಬಾರ್ನ್‌ರು ಇಲ್ಲಿ ಪಾಠ ಹೇಳಿದರು. ತರುಣ ವಿಜ್ಞಾನಿ ನಾಗೇಂದ್ರನಾಥರೊಡನೆ ಸೇರಿ ಸಂಶೋಧನಾ ಪ್ರಬಂಧ ಬರೆದರು. ಅವರನ್ನು ಇಲ್ಲಿಯೇ ಖಾಯಂ ಪ್ರಾಧ್ಯಾಪಕರನ್ನಾಗಿ ಮಾಡಿಕೊಳ್ಳಬೇಕೆಂದು ರಾಮನ್‌ರ ಆಸೆ. ವಿಷಯ ಅಧ್ಯಾಪಕರ ಸಭೆಗೆ ಬಂದಾಗ ಒಬ್ಬ ಆಂಗ್ಲ ಪ್ರಾಧ್ಯಾಪಕರು ಎದ್ದು, ತನ್ನ ದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೇಕೆ ಎಂಬರ್ಥದ ಮಾತನ್ನು ಬಾರ್ನ್‌ರ ಎದುರಿನಲ್ಲಿಯೇ ಆಡಿದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆನೆಂದು ಬಾರ್ನ್‌ರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹುದ್ದೆ ದೊರೆಯಲಿಲ್ಲ. ೧೯೩೬ರಲ್ಲಿ ಅವರು ಎಡಿನ್‌ಬರೋಗೆ ಹೋದರು.

ಆದರೆ ಅವರ ಬೆಂಗಳೂರು ವಾಸ ಪೂರ್ತಿ ವ್ಯರ್ಥವಾಗಲಿಲ್ಲ. ಅವರ ಅಕ್ಕರೆಯ ಸೋದರಳಿಯ ಆಟೋ ಕೂನಿಗ್ಸ್‌ಬರ್ಗರ್ ಬರ್ಲಿನ್ನಿನಲ್ಲಿ ಸರಕಾರಿ ವಾಸ್ತುಶಿಲ್ಪಿ. ೧೯೩೩ರಲ್ಲಿ ಒಂದು ಕೈಯಲ್ಲಿ ದೇಶದ ಹೆಸರಾಂತ ಶಿಲ್ಪಿ ಬಹುಮಾನ, ಇನ್ನೊಂದು ಕೈಯಲ್ಲಿ ವಜಾ ಆಜ್ಞೆ. ಈಜಿಪ್ಟಿಗೆ ಹೋಗಿ ಪುರಾತನ ದೇವಾಲಯಗಳ ಅಧ್ಯಯನದಲ್ಲಿ ಕಾಲ ನೂಕುತ್ತಿದ್ದ ಆತನನ್ನು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್‌ರು ೧೯೩೯ರಲ್ಲಿ ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಆತನ ಕೈಕೆಲಸ. ಟಾಟಾ ಇನ್‌ಸ್ಟಿಟ್ಯೂಟಿನ ಹಲವು ಕಟ್ಟಡಗಳೂ ಹಾಗೆಯೇ. ಮುಂದೆ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆಯನ್ನು ಹಾಕಿಕೊಟ್ಟವನೂ ಆತನೇ. ಬಿಸಿಲು, ಗಾಳಿ, ಮಳೆ ಇವನ್ನರಿತು ಮನೆ ಕಟ್ಟುವ ವಿದ್ಯೆಯನ್ನು ಆತನು ಲೋಕಕ್ಕೆ ಕಲಿಸಿದನು. ಜರ್ಮನಿ ಕಳೆದುಕೊಂಡದ್ದನ್ನು ಬಸವನಗುಡಿ ಪಡೆಯಿತು.

ಎಲ್ಲರಿಗೂ ಸೋದರಮಾವಂದಿರು ನೊಬೆಲ್ ದರ್ಜೆಯವರಾಗಿರುವುದಿಲ್ಲವಲ್ಲ. ಸಾಮಾನ್ಯ ಸಂಸಾರಗಳ ಗತಿ ಏನಾಯಿತು?

ಕಾಗದಗಳು ಒಂದರ ಮೇಲೊಂದು ಹೊರಟುವು. ೧೯೩೩ರ ಏಪ್ರಿಲ್‌ನಲ್ಲಿಯೇ ಶಾಲೆ ಕಾಲೇಜುಗಳಿಗೆ ಹೊಸದಾಗಿ ಸೇರುವ ಯಹೂದಿ ಮಕ್ಕಳಿಗೆ ನೂರಕ್ಕೆ ಒಂದೂವರೆ ಎಂದು ಮಿತಿ ಬಂದಿತು. ೧೯೩೫ರ ಸೆಪ್ಟೆಂಬರಿನ ನ್ಯೂರೆಂಬರ್ಗ್ ಕಾಯಿದೆಗಳು ಯಹೂದ್ಯರ ಪೌರತ್ವವನ್ನು ಕಿತ್ತುಕೊಂಡು, ಅವರಿಗೂ ಜರ್ಮನರಿಗೂ ಮದುವೆಯನ್ನು ನಿಷೇಧಿಸಿದುವು. ಅದೇ ಕಾಯಿದೆಯಲ್ಲಿ ಇನ್ನೊಂದು ಕಲಮು: ಯಹೂದಿಗಳ ಮನೆಯಲ್ಲಿ ನಲವತ್ತೈದು ವರ್ಷದೊಳಗಿನ ಜರ್ಮನ್ ಹೆಂಗಸು ಮನೆಗೆಲಸಕ್ಕೆ ಇರಕೂಡದು. ಹತ್ತು ವರ್ಷದಿಂದ ಮಕ್ಕಳನ್ನು ಎತ್ತಿ ಆಡಿಸಿದ ಆಳು ಒಂದು ದಿನ ಗಂಟು ಕಟ್ಟಿಕೊಂಡು ಹೊರಡಬೇಕಾಯಿತು. ೧೯೩೮ರಲ್ಲಿ ವೈದ್ಯರ ಪರವಾನಗಿಗಳು ಹೋದುವು, ಅನಂತರ ವಕೀಲರದು. ಯಹೂದಿ ಗಂಡಸರೆಲ್ಲ ಹೆಸರಿಗೆ 'ಇಸ್ರೇಲ್' ಎಂದೂ, ಹೆಂಗಸರೆಲ್ಲ 'ಸಾರಾ' ಎಂದೂ ಸೇರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. ಪಾಸ್‌ಪೋರ್ಟಿನ ಮೇಲೆ ಕೆಂಪು ಅಕ್ಷರದ ಮುದ್ರೆ ಬಿತ್ತು. ತಂದೆತಾಯಿಗಳು ಇಟ್ಟ ಹೆಸರಿಗೂ ಸರಕಾರ ಕೈಹಾಕಿತು.

ಆ ವರ್ಷ ನವೆಂಬರ್ ೯ರ ರಾತ್ರಿ ಮಾತ್ರ ಕಾಗದ ಸಾಲದೆ ಕೊಡಲಿ ಹೊರಬಂದಿತು. ಪ್ಯಾರಿಸ್ಸಿನಲ್ಲಿ ಯಹೂದಿ ಹುಡುಗನೊಬ್ಬನು ಜರ್ಮನ್ ರಾಯಭಾರ ಕಚೇರಿಯ ಅಧಿಕಾರಿಗೆ ಗುಂಡು ಹಾರಿಸಿದ್ದೇ ನೆಪ. ಆ ಹುಡುಗನ ತಂದೆತಾಯಿಗಳನ್ನು ಕೆಲವು ದಿನಗಳ ಹಿಂದೆ ಇತರ ಸಾವಿರಾರು ಮಂದಿಯೊಡನೆ ಪೋಲೆಂಡಿನ ಗಡಿಯಾಚೆ ನೂಕಲಾಗಿತ್ತು ಎಂಬುದನ್ನು ಜರ್ಮನಿಯ ಪತ್ರಿಕೆಗಳು ಹೇಳಲಿಲ್ಲ. ಸಾವಿರಕ್ಕೂ ಹೆಚ್ಚು ಪ್ರಾರ್ಥನಾಮಂದಿರಗಳು ಸುಟ್ಟುಹೋದುವು, ಏಳು ಸಾವಿರಕ್ಕೂ ಹೆಚ್ಚು ಅಂಗಡಿಗಳು ಪುಡಿಯಾದುವು, ಸುಮಾರು ಮೂವತ್ತು ಸಾವಿರ ಗಂಡಸರನ್ನು ಸೆರೆಶಿಬಿರಗಳಿಗೆ ಒಯ್ದರು. ಅಗ್ನಿಶಾಮಕದಳದವರು ಬಂದದ್ದುಂಟು, ಪಕ್ಕದ ಕಟ್ಟಡಗಳಿಗೆ ಬೆಂಕಿ ಹಬ್ಬದಂತೆ ನೋಡಿಕೊಳ್ಳಲು. ಮೂರು ದಿನದ ಮೇಲೆ ಸರಕಾರ ಈ ನಷ್ಟಕ್ಕಾಗಿ ನೂರು ಕೋಟಿ ಮಾರ್ಕುಗಳ ದಂಡ ವಿಧಿಸಿತು. ಯಾರಿಗೆ? ಯಹೂದ್ಯರಿಗೆ. ಒಡೆದ ಗಾಜಿಗೆ ವಿಮೆಯ ಕಂಪನಿಗಳು ಕೊಡಬೇಕಾಗಿದ್ದ ಹಣವನ್ನೂ ಸರಕಾರವೇ ಜೇಬಿಗಿಳಿಸಿತು.

ಮುಂದೆ ರೇಡಿಯೋ ಕಿತ್ತುಕೊಂಡರು, ಟೆಲಿಫೋನು ಕಿತ್ತುಕೊಂಡರು. ೧೯೪೧ರಲ್ಲಿ ಎದೆಯ ಮೇಲೆ ಹಳದಿ ನಕ್ಷತ್ರವನ್ನು ಹೊಲಿಸಿದರು. ೧೯೪೨ರಲ್ಲಿ ಯಹೂದ್ಯರು ಬೆಕ್ಕು ನಾಯಿಗಳನ್ನೂ ಸಾಕಕೂಡದೆಂದು ಆಜ್ಞೆ ಮಾಡಿದರು. ಒಂದು ಮಹಾಯುದ್ಧದ ನಡುವೆ, ಒಬ್ಬ ಗುಮಾಸ್ತನು ಕುಳಿತು ಬೆಕ್ಕಿನ ಆಜ್ಞೆಯನ್ನು ಟೈಪು ಮಾಡುತ್ತಿದ್ದುದನ್ನು ಊಹಿಸಿಕೊಳ್ಳಿ. ಆಮೇಲೆ ರೈಲು. ಪೂರ್ವಕ್ಕೆ ಸಾಗಿಸುವ ಜನರಿಗೆ ಜರ್ಮನ್ ರೈಲ್ವೆಯು ಮೂರನೆಯ ದರ್ಜೆಯ ಒಂದು ಕಡೆಯ ಪ್ರಯಾಣದ ಲೆಕ್ಕದಲ್ಲಿ ಬಾಡಿಗೆ ಬರೆಯುತ್ತಿತ್ತು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್ಟು. ನಾಲ್ಕು ವರ್ಷದೊಳಗಿನವರಿಗೆ ಉಚಿತ.

ಒಬ್ಬನೇ ಮನುಷ್ಯ ಅಷ್ಟು ಜನರನ್ನು ಕೊಲ್ಲಿಸುವುದು ಹೇಗೆ ಎಂದು ಹುಡುಗಿ ಕೇಳಿದಳಲ್ಲವೆ? ಹೀಗೆ. ರೈಲ್ವೆ ಗುಮಾಸ್ತ, ತೆರಿಗೆ ಅಧಿಕಾರಿ, ಮುನಿಸಿಪಾಲಿಟಿಯ ಜನನಮರಣ ಲೇಖಕ, ಪ್ರತಿಯೊಬ್ಬನೂ ತನ್ನ ಮೇಜಿನ ಮೇಲಿನ ಕಾಗದವನ್ನು ಮಾತ್ರ ನೋಡುತ್ತಿದ್ದನು.

ಪಕ್ಕದ ಮನೆಯವರ ವಿಷಯಕ್ಕೆ ಬರೋಣ. ಕೆಲವರು ಅತ್ತರು, ಕೆಲವರು ನಕ್ಕರು, ಬಹಳ ಮಂದಿ ಕಿಟಕಿ ಮುಚ್ಚಿಕೊಂಡರು. ಕಟುವಾದ ಸಂಗತಿ ಇನ್ನೊಂದುಂಟು. ರೈಲು ಹತ್ತಿಸಿದವರ ಮನೆಯ ಸಾಮಾನುಗಳನ್ನು — ಮಂಚ, ಕಪಾಟು, ಹಾಸಿಗೆಬಟ್ಟೆ, ಮಕ್ಕಳ ಆಟಿಕೆ — ಸರಕಾರ ಬಹಿರಂಗವಾಗಿ ಹರಾಜು ಹಾಕುತ್ತಿತ್ತು. ಹ್ಯಾಂಬರ್ಗಿನಂಥ ಊರುಗಳಲ್ಲಿ ಸಾವಿರಾರು ಗೃಹಸ್ಥರು ಆ ಹರಾಜುಗಳಿಗೆ ಹೋಗಿ ಕೊಂಡುತಂದರು. ಅವರೆಲ್ಲ ರಾಕ್ಷಸರಾಗಿರಲಿಲ್ಲ. ಅಗ್ಗವಾಗಿ ಸಿಕ್ಕಿತು, ಕೊಂಡರು. ಆದರೆ ಅಂಥ ಕಪಾಟು ಮನೆಗೆ ಬಂದ ಮೇಲೆ, ಅದರ ಒಡೆಯರು ಹಿಂದಿರುಗಿ ಬರಲೆಂದು ಆ ಮನೆಯವರು ಹಾರೈಸುತ್ತಿದ್ದರೆ? ಸರ್ವಾಧಿಕಾರಿಯು ಜನರನ್ನು ಭಯದಿಂದ ಮಾತ್ರ ಕಟ್ಟಿಹಾಕುವುದಿಲ್ಲ. ಸಣ್ಣ ಸಣ್ಣ ಲಾಭಗಳಲ್ಲಿ ಪಾಲುಗಾರರನ್ನಾಗಿ ಮಾಡಿಕೊಳ್ಳುತ್ತಾನೆ.

ಎದುರು ನಿಂತವರು ಇರಲೇ ಇಲ್ಲವೆ? ಇದ್ದರು. ಬುದ್ಧಿಮಾಂದ್ಯರನ್ನೂ ಅಂಗವಿಕಲರನ್ನೂ ಗುಟ್ಟಾಗಿ ಕೊಲ್ಲುತ್ತಿದ್ದಾರೆಂದು ೧೯೪೧ರ ಆಗಸ್ಟಿನಲ್ಲಿ ಬಿಷಪ್ ಗಾಲೆನ್ ಎಂಬವರು ಇಗರ್ಜಿಯ ಪೀಠದಿಂದಲೇ ಗುಡುಗಿದರು. ಜನ ಗೊಣಗತೊಡಗಿದರು. ಅಷ್ಟರಲ್ಲಿ ಎಪ್ಪತ್ತು ಸಾವಿರ ಮಂದಿ ಸತ್ತಿದ್ದರು. ಹಿಟ್ಲರನು ಆ ವ್ಯವಸ್ಥೆಯನ್ನು ಬಹಿರಂಗವಾಗಿ ನಿಲ್ಲಿಸಬೇಕಾಯಿತು, ಗುಟ್ಟಾಗಿ ಕೊಲೆ ಮುಂದುವರಿದರೂ. ೧೯೪೩ರ ಫೆಬ್ರುವರಿ ಮಾರ್ಚ್‌ಗಳಲ್ಲಿ ಬರ್ಲಿನ್ನಿನ ರೋಸೆನ್ ಬೀದಿಯಲ್ಲಿ, ಯಹೂದ್ಯರನ್ನು ಮದುವೆಯಾಗಿದ್ದ ಜರ್ಮನ್ ಹೆಂಗಸರು ತಮ್ಮ ಗಂಡಂದಿರನ್ನು ಕೂಡಿಹಾಕಿದ ಕಟ್ಟಡದ ಮುಂದೆ ಚಳಿಯಲ್ಲಿ ದಿನಗಟ್ಟಲೆ ನಿಂತರು. ಸುಮಾರು ಎರಡು ಸಾವಿರ ಮಂದಿ ಬಿಡುಗಡೆಯಾದರು. ಹೆಂಗಸರ ಕೂಗಿನಿಂದಲೇ ಬಿಟ್ಟರೋ, ಬಿಡಬೇಕೆಂದು ಮೊದಲೇ ತೀರ್ಮಾನವಾಗಿತ್ತೋ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ವಾದಿಸಲಿ. ಆ ಹೆಂಗಸರಿಗೆ ಯಾರೂ ಗುಂಡಿಡಲಿಲ್ಲವೆಂಬುದು ನಮ್ಮ ಪಾಲಿಗೆ ಮುಖ್ಯ. ಬರ್ಲಿನ್ನಿನಲ್ಲಿಯೇ ಸುಮಾರು ಸಾವಿರದ ಏಳುನೂರು ಯಹೂದ್ಯರು ಅಡಗಿಕೊಂಡು ಯುದ್ಧದ ಕೊನೆಯವರೆಗೆ ಬದುಕಿದರು. ಒಬ್ಬೊಬ್ಬರನ್ನು ಬದುಕಿಸಲು ಹಲವು ಮನೆಗಳು ಬಾಗಿಲು ತೆರೆಯಬೇಕಾಗಿತ್ತು. ತಮ್ಮ ರೇಷನ್ನಿನಲ್ಲಿ ಪಾಲು ಕೊಡಬೇಕಾಗಿತ್ತು.

ಓಡಿಹೋಗಬಾರದಿತ್ತೆ ಎಂದು ಕೇಳುವವರಿದ್ದಾರೆ. ಎಲ್ಲಿಗೆ? ಹೊರಡುವವನ ಆಸ್ತಿಯಲ್ಲಿ ಕಾಲು ಭಾಗ ಪಲಾಯನ ತೆರಿಗೆ. ಉಳಿದ ಹಣವನ್ನು ಹೊರದೇಶದ ನಾಣ್ಯಕ್ಕೆ ಬದಲಾಯಿಸಿದರೆ ೧೯೩೯ರ ಹೊತ್ತಿಗೆ ನೂರಕ್ಕೆ ನಾಲ್ಕು ಕೈಗೆ ಬರುತ್ತಿತ್ತು. ಬರಿಗೈಯವನನ್ನು ಯಾವ ದೇಶ ಕರೆದೀತು? ೧೯೩೮ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬ ಸರೋವರದ ಊರಿನಲ್ಲಿ ಮೂವತ್ತೆರಡು ದೇಶಗಳ ಪ್ರತಿನಿಧಿಗಳು ಹತ್ತು ದಿನ ಸಭೆ ಸೇರಿ ಅನುಕಂಪದ ಭಾಷಣ ಮಾಡಿದರು. ತಮ್ಮಲ್ಲಿ ಜನಾಂಗದ ಸಮಸ್ಯೆ ಇಲ್ಲ, ಹೊರಗಿನಿಂದ ತರಿಸಿಕೊಳ್ಳುವ ಇಚ್ಛೆಯೂ ಇಲ್ಲ ಎಂದರು ಆಸ್ಟ್ರೇಲಿಯದವರು. ದೊಡ್ಡ ಸಂಖ್ಯೆಯಲ್ಲಿ ಕರೆದುಕೊಳ್ಳುತ್ತೇವೆಂದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯವೊಂದೇ. ಮರುವರ್ಷ ಮೇ ತಿಂಗಳಲ್ಲಿ ಸೇಂಟ್ ಲೂಯಿ ಎಂಬ ಹಡಗು ೯೩೭ ಪ್ರಯಾಣಿಕರನ್ನು ಹೊತ್ತು ಕ್ಯೂಬಾಕ್ಕೆ ಹೋಯಿತು; ಕೇವಲ ಇಪ್ಪತ್ತೆಂಟು ಮಂದಿಗೆ ಇಳಿಯಲು ಬಿಟ್ಟರು. ಅಮೆರಿಕದ ದೀಪಗಳನ್ನು ದೂರದಿಂದ ಕಂಡು ಹಡಗು ಯೂರೋಪಿಗೆ ಹಿಂದಿರುಗಿತು. ಹಿಂದಿರುಗಿದವರಲ್ಲಿ ೨೫೪ ಮಂದಿ ಆಮೇಲೆ ನಾತ್ಸಿಗಳ ಕೈಗೆ ಸಿಕ್ಕಿ ಸತ್ತರು. ಬ್ರಿಟನ್ ಸುಮಾರು ಹತ್ತು ಸಾವಿರ ಮಕ್ಕಳನ್ನು ಒಳಗೆ ಬಿಟ್ಟುಕೊಂಡಿತು, ತಂದೆತಾಯಿಗಳನ್ನು ಬಿಡಲಿಲ್ಲ. ನಮ್ಮ ದೇಶಕ್ಕೆ ಬಂದ ಅಷ್ಟಿಷ್ಟು ಮಂದಿಯ ಪೈಕಿ ಅನೇಕರನ್ನು ಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರ 'ಶತ್ರುದೇಶದ ಪ್ರಜೆ'ಗಳೆಂದು ಶಿಬಿರದಲ್ಲಿ ಕೂಡಿಹಾಕಿ, ವಿಚಾರಣೆ ಮಾಡಿ, ಅನಂತರ ಬಿಟ್ಟಿತು. ಹಿಟ್ಲರನಿಗೆ ಅವರು ಜರ್ಮನರಲ್ಲ, ಇವರಿಗೆ ಅವರು ಜರ್ಮನರು!

ಈಗ ಯುದ್ಧದ ಮಾತು. ಜರ್ಮನಿಗೆ ಪೂರ್ವದಲ್ಲಿ 'ಬಾಳುವ ನೆಲ' ಬೇಕು, ಅದನ್ನು ಕತ್ತಿಯಿಂದಲೇ ಗೆಲ್ಲಬೇಕು ಎಂಬುದನ್ನು ಹಿಟ್ಲರನು ೧೯೨೫ರಷ್ಟು ಹಿಂದೆಯೇ ಬರೆದು ಅಚ್ಚು ಹಾಕಿಸಿದ್ದನು. ಲೋಕವನ್ನು ಅವನು ಎರಡೇ ಬಣ್ಣದಲ್ಲಿ ಕಾಣುತ್ತಿದ್ದನು: ಒಂದು ಕಡೆ ಜರ್ಮನ್ ಜನಾಂಗ, ಇನ್ನೊಂದು ಕಡೆ ಯಹೂದಿ. ಮಾಸ್ಕೋದ ಸಮತಾವಾದವೂ ನ್ಯೂಯಾರ್ಕಿನ ಬಂಡವಾಳವೂ ಅವನ ದೃಷ್ಟಿಯಲ್ಲಿ ಒಬ್ಬನೇ ಯಹೂದಿಯ ಎರಡು ಕೈಗಳು. ಇಂಥವನಿಗೆ ಯುದ್ಧವೇ ನೀತಿ, ಶಾಂತಿ ಬರಿಯ ಸಿದ್ಧತೆಯ ಕಾಲ. ಗದ್ದುಗೆ ಏರಿದ ಕೂಡಲೆ ಸಾಲ ಮಾಡಿ ಶಸ್ತ್ರಾಸ್ತ್ರ ತಯಾರಿಸತೊಡಗಿದನು. ನಿರುದ್ಯೋಗ ಇಳಿಯಿತು, ಜನ ಜಯಕಾರ ಹಾಕಿದರು. ಆದರೆ ಸಾಲ ತೀರಿಸುವ ದಾರಿ ಯಾವುದು? ಆಸ್ಟ್ರಿಯದ ಬ್ಯಾಂಕಿನ ಚಿನ್ನ, ಚೆಕ್ ದೇಶದ ಕಾರ್ಖಾನೆ, ಯಹೂದ್ಯರ ಆಸ್ತಿ. ಮನೆಯೊಳಗಿನ ಸುಲಿಗೆಗೂ ಹೊರಗಿನ ದಂಡಯಾತ್ರೆಗೂ ಒಂದೇ ಖಾತೆಪುಸ್ತಕ.

ಹೊರಗಿನವರು ತಡೆಯಬಹುದಾಗಿತ್ತು. ೧೯೩೬ರ ಮಾರ್ಚ್‌ನಲ್ಲಿ ಒಪ್ಪಂದವನ್ನು ಮುರಿದು ರೈನ್ ಪ್ರಾಂತಕ್ಕೆ ಸೈನ್ಯ ನುಗ್ಗಿಸಿದಾಗ ಫ್ರಾನ್ಸ್ ಸುಮ್ಮನಿತ್ತು. ಅದಕ್ಕೂ ಮೊದಲು ಜಪಾನು ಮಂಚೂರಿಯವನ್ನೂ ಇಟಲಿ ಅಬಿಸೀನಿಯವನ್ನೂ ನುಂಗಹೊರಟಾಗ ರಾಷ್ಟ್ರಸಂಘ ಗೊತ್ತುವಳಿ ಪಾಸು ಮಾಡಿ ಕುಳಿತಿತ್ತು. ೧೯೩೮ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಚೆಕ್ಕರ ನೆಲವನ್ನು ಚೆಕ್ಕರನ್ನು ಕೇಳದೆಯೇ ಕೊಟ್ಟುಬಿಟ್ಟರು. ೧೯೩೯ರ ಆಗಸ್ಟ್ ೨೩ರಂದು ಸ್ಟಾಲಿನ್ನನೂ ಹಿಟ್ಲರನೊಡನೆ ಕೈಕುಲುಕಿ ಪೋಲೆಂಡನ್ನು ಗುಟ್ಟಾಗಿ ಹಂಚಿಕೊಂಡನು. ಸೆಪ್ಟೆಂಬರ್ ೧ರಂದು ಯುದ್ಧ. ಮೂರನೆಯ ದಿನ ವೈಸರಾಯ್ ಲಿನ್‌ಲಿತ್‌ಗೋ, ಭಾರತೀಯರನ್ನು ಒಂದು ಮಾತೂ ಕೇಳದೆ, ಭಾರತವೂ ಯುದ್ಧದಲ್ಲಿದೆಯೆಂದು ಘೋಷಿಸಿಬಿಟ್ಟರು. ೧೯೪೩ರ ಬಂಗಾಳದ ಕ್ಷಾಮದಲ್ಲಿ ಸುಮಾರು ಮೂವತ್ತು ಲಕ್ಷ ಜನ ಸತ್ತುದನ್ನೂ ಆ ಯುದ್ಧದ ಲೆಕ್ಕದಿಂದ ಹೊರಗಿಡುವಂತಿಲ್ಲ.

ದ್ವೇಷ ಯುದ್ಧವನ್ನು ಹೆತ್ತಿತು; ಯುದ್ಧ ಆ ದ್ವೇಷವನ್ನು ಸಂಹಾರವಾಗಿ ಬೆಳೆಸಿತು. ಅಂಕಿಗಳನ್ನು ನೋಡಿ. ಜರ್ಮನಿಯ ಐದು ಲಕ್ಷ ಯಹೂದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯುದ್ಧಕ್ಕೆ ಮೊದಲೇ ಹೇಗೋ ಹೊರಬಿದ್ದಿದ್ದರು. ಸತ್ತ ಅರವತ್ತು ಲಕ್ಷದಲ್ಲಿ ಅವರು ಎರಡು ಲಕ್ಷವೂ ಇಲ್ಲ. ಪೋಲೆಂಡಿನ ಮೂವತ್ತಮೂರು ಲಕ್ಷ ಯಹೂದ್ಯರಲ್ಲಿ ಸುಮಾರು ಮೂವತ್ತು ಲಕ್ಷ ಮಂದಿ ಸತ್ತರು. ಅವರು ಹಿಟ್ಲರನ ಪ್ರಜೆಗಳೇ ಆಗಿರಲಿಲ್ಲ. ಯುದ್ಧ ಅವರನ್ನು ಅವನ ಕೈಗೆ ಕೊಟ್ಟಿತು. ೧೯೪೧ರ ಜೂನ್‌ನಲ್ಲಿ ರಷ್ಯದ ಮೇಲೆ ಬಿದ್ದ ಮೇಲೆ ಕೊಲೆ ಬಯಲಿನಲ್ಲಿಯೇ ನಡೆಯಿತು. ಆ ಸೆಪ್ಟೆಂಬರಿನಲ್ಲಿ ಕೀವ್ ನಗರದ ಹೊರಗಿನ ಬಾಬಿ ಯಾರ್ ಕಣಿವೆಯಲ್ಲಿ ಎರಡು ದಿನಗಳಲ್ಲಿ ೩೩,೭೭೧ ಮಂದಿಯನ್ನು ಕೊಂದೆವೆಂದು ಕೊಂದವರೇ ವರದಿ ಬರೆದರು. ೧೯೪೨ರ ಜನವರಿ ೨೦ರಂದು ಬರ್ಲಿನ್ನಿನ ವಾನ್‌ಸೀ ಸರೋವರದ ದಂಡೆಯ ಬಂಗಲೆಯಲ್ಲಿ ಹದಿನೈದು ಮಂದಿ ಅಧಿಕಾರಿಗಳು ಕಲೆತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಡಾಕ್ಟರೇಟ್ ಪದವೀಧರರು. ಅವರ ಮುಂದಿದ್ದ ಪಟ್ಟಿಯಲ್ಲಿ ಯೂರೋಪಿನ ಯಹೂದ್ಯರು ಒಂದು ಕೋಟಿ ಹತ್ತು ಲಕ್ಷ. ಇನ್ನೂ ಗೆಲ್ಲದ ಇಂಗ್ಲೆಂಡಿನವರನ್ನೂ ಐರ್ಲೆಂಡಿನ ನಾಲ್ಕು ಸಾವಿರ ಮಂದಿಯನ್ನೂ ಅದರಲ್ಲಿ ಸೇರಿಸಿದ್ದರು. ಆಷ್‌ವಿಟ್ಸ್ ಒಂದರಲ್ಲಿಯೇ ಸುಮಾರು ಹನ್ನೊಂದು ಲಕ್ಷ ಜನ ಸತ್ತರು. ಅವರಲ್ಲಿ ಹತ್ತು ಲಕ್ಷ ಯಹೂದ್ಯರು.

ಮ್ಯಾಕ್ಸ್ ಬಾರ್ನ್‌ರಿಗೆ ಬ್ರಿಟಿಷ್ ಪೌರತ್ವದ ಪತ್ರ ದೊರೆತದ್ದು ೧೯೩೯ರ ಆಗಸ್ಟ್ ೩೧ರಂದು, ಯುದ್ಧಕ್ಕೆ ಒಂದು ದಿನ ಮುಂಚೆ. ಎಡಿನ್‌ಬರೋದಲ್ಲಿ ಅವರು ೧೯೫೩ರಲ್ಲಿ ನಿವೃತ್ತರಾದರು. ಅಲ್ಲಿ ಅವರ ಸೇವೆಯ ವರ್ಷಗಳು ಕಡಿಮೆಯಾದ್ದರಿಂದ ಪಿಂಚಣಿ ಅಲ್ಪ. ಗಾಟಿಂಗೆನ್ ಅವರ ಹಳೆಯ ಪಿಂಚಣಿಯನ್ನು ಹಿಂದಿರುಗಿಸಿತು. ಅದೇ ವರ್ಷ ಆ ಊರಿನ ಪುರಸಭೆ ಬಾರ್ನ್, ಫ್ರಾಂಕ್ ಮತ್ತು ಗಣಿತಜ್ಞ ಕೂರಾಂಟ್‌ರನ್ನು ಕರೆಸಿ ಗೌರವ ಪೌರತ್ವವನ್ನು ಕೊಟ್ಟಿತು. ಐನ್‌ಸ್ಟೈನ್‌ರಿಗೆ ಇದು ಸರಿಬರಲಿಲ್ಲ. ತಮ್ಮ ಬಂಧುಗಳನ್ನು ಕೊಂದವರ ನಾಡಿಗೆ ಗೆಳೆಯನು ಮರಳಿದನಲ್ಲಾ ಎಂದು ಅವರು ನೊಂದುಕೊಂಡರು. ಬಾರ್ನ್ ದಂಪತಿಗಳು ಗಾಟಿಂಗೆನ್ನಿಗೆ ಅಷ್ಟೇನೂ ದೂರವಿಲ್ಲದ ಬಾಡ್ ಪಿರ್‌ಮಾಂಟ್ ಎಂಬ ಊರಿನಲ್ಲಿ ಮನೆ ಮಾಡಿದರು. ಮರುವರ್ಷ ನೊಬೆಲ್ ಬಹುಮಾನ ಬಂದಿತು. ೧೯೬೪ರಲ್ಲಿ ಫ್ರಾಂಕ್‌ರು ಗೆಳೆಯರನ್ನು ನೋಡಲು ಗಾಟಿಂಗೆನ್ನಿಗೆ ಬಂದಿದ್ದಾಗ ಅಲ್ಲಿಯೇ ತೀರಿಕೊಂಡರು. ಬಾರ್ನ್‌ರು ೧೯೭೦ರ ಜನವರಿಯಲ್ಲಿ ಅದೇ ಊರಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ಅವರ ಸಮಾಧಿಯ ಕಲ್ಲಿನ ಮೇಲೆ ಅವರ ಸಮೀಕರಣವನ್ನು ಕೆತ್ತಿದ್ದಾರೆ.